ಎಂಜಿನ್ ಕೂಡ್ರುತ್ತದೆ, ಗಾಡಿ ತೇಲುತ್ತದೆಯೇ?

ಬೇಸಿಗೆಯಲ್ಲಿ ಬೆಣ್ಣಿಹಳ್ಳ ದಾಟುವವರ ಕಾಲು ಒದ್ದೆಯಾಗುವುದಿಲ್ಲ. ಜಾಲಿಗಿಡಗಳ ನಡುವೆ ಅಲ್ಲಲ್ಲಿ ನಿಂತ ಹಸಿರು ನೀರು, ಎರಡೂ ದಂಡೆಗೆ ಬಿರುಕುಬಿಟ್ಟ ಎರಿ ನೆಲ. ಶಿಗ್ಗಾಂವಿ ಸೀಮೆಯ ಕಡೆಯಿಂದ ಹೊರಟು ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳ ಹೊಲಗಳ ನಡುವೆ ಹಾದು ಮಲಪ್ರಭೆ ಸೇರುವ ಈ ಹಳ್ಳಕ್ಕೆ ಬೆಣ್ಣೆಯ ಹೆಸರು ಯಾರಿಟ್ಟರೋ ಅನ್ನಿಸಬೇಕು. ಆದರೆ ಮೇಲಿನ ಕಡೆ ಒಂದು ರಾತ್ರಿ ಜೋರು ಮಳೆ ಹೊಡೆದರೆ ಬೆಳಗಾಗುವಷ್ಟರಲ್ಲಿ ಅದೇ ಹಳ್ಳ ಹೊಲಕ್ಕೆ ಹೊಲವನ್ನೇ ಮುಳುಗಿಸಿ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳವೂ ತುಪ್ಪರಿಹಳ್ಳವೂ ಉಕ್ಕಿದಾಗ ಧಾರವಾಡ ಜಿಲ್ಲೆಯ ಬಯಲುಸೀಮೆ ಕಂಡ ಪಾಡು ಇನ್ನೂ ಹಳೆಯ ಮಾತಾಗಿಲ್ಲ.

ನೀರು ಇಳಿದ ಮೇಲೆ ಎರಡನೆಯ ಪಾಳಿ, ರಾಡಿಯದು. ಕುಂದಗೋಳ ಎಂದೊಡನೆ ಹೊರಗಿನವರಿಗೆ ಸವಾಯಿ ಗಂಧರ್ವರು ನೆನಪಾಗುತ್ತಾರೆ. ಇಲ್ಲಿ ಹತ್ತಿ, ಮೆಣಸಿನಕಾಯಿ, ಕಡಲೆ ಬೆಳೆಯುವವರಿಗೆ ಮೊದಲು ನೆನಪಾಗುವುದು ಎರಿ ಮಣ್ಣು. ನೀರು ಕುಡಿದರೆ ಉಬ್ಬುವ, ಒಣಗಿದರೆ ಗೇಣಗಲ ಬಾಯಿ ಬಿಡುವ ಜಾತಿಯ ಮಣ್ಣು ಇದು. ಹಸಿ ಎರಿಯ ದಾರಿಯಲ್ಲಿ ಬೈಕ್ ಹೊಡೆದವರಿಗೆ ಗೊತ್ತು: ಹತ್ತು ಮಾರು ಹೋಗುವುದರೊಳಗೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಚಕ್ರ ತಿರುಗುವುದೇ ನಿಲ್ಲುತ್ತದೆ. ಇಳಿದು, ಜಾಲಿಕಟ್ಟಿಗೆಯಿಂದ ಕೆದರಿ ತೆಗೆದು, ಮತ್ತೆ ಹತ್ತು ಮಾರು. ಟ್ರ್ಯಾಕ್ಟರು ಸಹ ಹೊಟ್ಟೆ ಹಚ್ಚಿ ಕೂತರೆ ಇನ್ನೊಂದು ಟ್ರ್ಯಾಕ್ಟರು ಬರಬೇಕು. ಕೆಲವೊಮ್ಮೆ ಎರಡನೆಯದನ್ನು ಎಳೆಯಲು ಮೂರನೆಯದು.

ಇಂಥ ನೆಲಕ್ಕೂ ಇಂಥ ನೀರಿಗೂ ಸೇರಿ ಒಂದೇ ಗಾಡಿ ಇದ್ದರೆ ಎಂಬ ಆಸೆ ಹುಟ್ಟುವುದು ಸಹಜ. ಆ ಗಾಡಿ ಲೋಕದಲ್ಲಿ ಇಲ್ಲದೆ ಇಲ್ಲ. 1960ರ ದಶಕದಲ್ಲಿ ಕೆನಡಾದಲ್ಲಿ ಶುರುವಾದ ಆರು ಚಕ್ರದ ಉಭಯಚರ ವಾಹನಗಳು ನೋಡಲು ಸ್ನಾನದ ತೊಟ್ಟಿಗೆ ಗಾಲಿ ಹಚ್ಚಿದಂತೆ ಇರುತ್ತವೆ. ಜಿಗರ್, ಆಂಫಿಕ್ಯಾಟ್, ಮ್ಯಾಕ್ಸ್, ಆರ್ಗೊ ಎಂದು ಹೆಸರುಗಳು. ಇವುಗಳಲ್ಲಿ ಒಂಟಾರಿಯೊದ ನ್ಯೂ ಹ್ಯಾಂಬರ್ಗ್‌ನಲ್ಲಿ 1967ರಿಂದ ತಯಾರಾಗುತ್ತಿರುವ ಆರ್ಗೊ ಇವತ್ತಿಗೂ ಬದುಕಿದೆ. ದಪ್ಪ, ಮೆತ್ತನೆಯ ಟೈರುಗಳು. ಅವುಗಳಲ್ಲಿ ಚದರ ಇಂಚಿಗೆ ಎರಡು ಮೂರು ಪೌಂಡಿನಷ್ಟೇ ಗಾಳಿ. ನಮ್ಮ ಕಾರಿನ ಟೈರಿಗೆ ಮೂವತ್ತು ಪೌಂಡ್ ಹೊಡೆಸುತ್ತೇವೆ. ಭಾರ ಅಗಲವಾಗಿ ಹಂಚಿಹೋಗುವುದರಿಂದ ಮನುಷ್ಯನ ಕಾಲು ಹೂಳುವ ಕೆಸರಿನ ಮೇಲೂ ಅದು ಸಾಗುತ್ತದೆ. ನೀರಿಗಿಳಿದರೆ ಅದೇ ಟೈರುಗಳ ಹಲ್ಲುಗಳೇ ಹುಟ್ಟು. ಹಳೆಯವುಗಳಲ್ಲಿ ಸ್ಟೇರಿಂಗ್ ಇಲ್ಲ. ಎರಡು ಲಿವರ್: ಎಡಗಡೆಯದನ್ನು ಎಳೆದರೆ ಎಡಗಡೆಯ ಮೂರು ಚಕ್ರ ನಿಲ್ಲುತ್ತವೆ, ಗಾಡಿ ಎಡಕ್ಕೆ ತಿರುಗುತ್ತದೆ.

ಆ ಕಾಲದ ಗಾಡಿಗಳು ಇವತ್ತು ಸಂಗ್ರಾಹಕರ ಕೊಟ್ಟಿಗೆಗಳಲ್ಲಿವೆ. ಹೊರಮೈ ಗಟ್ಟಿ, ಚೈನು ಗಟ್ಟಿ, ಸತ್ತಿರುವುದು ಎಂಜಿನ್. ಬಹುಪಾಲು ಟೂ-ಸ್ಟ್ರೋಕ್, ಜರ್ಮನಿಯ ಜೆಎಲ್‌ಒ ಥರದ, ಯಾವತ್ತೋ ಬಾಗಿಲು ಮುಚ್ಚಿದ ಕಂಪನಿಗಳವು. ಪಿಸ್ಟನ್ ಸಿಕ್ಕರೆ ರಿಂಗ್ ಸಿಗದು, ರಿಂಗ್ ಸಿಕ್ಕರೆ ಕ್ರ್ಯಾಂಕ್ ಬೇರಿಂಗ್ ಸಿಗದು. ಆಗ ಮಾಡುವುದು ಒಂದೇ, ಎಂಜಿನ್ ಬದಲಿ. ಅಂಥದೊಂದು ಗಾಡಿ ಕುಂದಗೋಳದ ಗ್ಯಾರೇಜಿನ ಮುಂದೆ ಬಂದು ನಿಂತಿತು ಎಂದುಕೊಳ್ಳೋಣ. ನಮ್ಮ ಮಿಸ್ತ್ರಿಗಳು ಹೆದರುವವರಲ್ಲ. ನನ್ನ ಲೆಕ್ಕದಲ್ಲಿ ಅದರ ಮುಕ್ಕಾಲು ಕೆಲಸ ಅವರಿಗೆ ಈಗಾಗಲೇ ಗೊತ್ತು; ಉಳಿದ ಕಾಲು ಭಾಗ ನೀರಿನದು, ಅಪಾಯ ಇರುವುದೂ ಅಲ್ಲೇ.

ಆ ಮುಕ್ಕಾಲು ಕಲಿಸಿದ ಗುರು ಜೀಪು. 1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪನ್ನು ಈ ದೇಶಕ್ಕೆ ತಂದರು. ಅದರ ಪೆಟ್ರೋಲ್ ಎಂಜಿನ್ 2.2 ಲೀಟರ್. ಶಕ್ತಿಗೇನೂ ಕೊರತೆಯಿರಲಿಲ್ಲ, ಆದರೆ ಕುಡಿತ ವಿಪರೀತ. 1973ರಲ್ಲಿ ಅರಬ್ ದೇಶಗಳು ತೈಲದ ಕೊರಳು ಹಿಚುಕಿದ ಮೇಲೆ ಪೆಟ್ರೋಲ್ ಜೀಪು ಇಟ್ಟುಕೊಳ್ಳುವುದು ಶ್ರೀಮಂತರಿಗೂ ಭಾರವಾಯಿತು. ಮಹೀಂದ್ರಾ ಕಂಪನಿಯೇ ಆಗ ಒಂದು ಉಪಾಯ ಮಾಡಿತು: ತಮ್ಮದೇ ಬಳಗದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿನ ಮೂಗಿನೊಳಗೆ ಕೂಡಿಸಿತು. ಕಂಪನಿ ಮಾಡಿದ್ದನ್ನು ಗ್ಯಾರೇಜುಗಳು ನೋಡಿಕೊಂಡವು. ಮುಂದೆ 1980ರ ದಶಕದಲ್ಲಿ ಪ್ಯೂಜೊ ಪರವಾನಗಿಯ ಸಣ್ಣ ಡೀಸೆಲ್ ಎಂಜಿನ್ ಬಂದಾಗಲಂತೂ ಊರೂರಿನಲ್ಲಿ ಹಳೆಯ ಪೆಟ್ರೋಲ್ ಜೀಪುಗಳ ಹೊಟ್ಟೆ ಬಗೆಯುವ ಕೆಲಸ ನಡೆಯಿತು. ಹುಬ್ಬಳ್ಳಿ ಹತ್ತಿರವಿದ್ದದ್ದು ಅನುಕೂಲ: ಲೇತ್ ಬೇಕೆಂದರೆ ಲೇತ್, ಗುಜರಿ ಬೇಕೆಂದರೆ ಗುಜರಿ.

ಕೆಲಸ ನೋಡುವವರಿಗೆ ದೊಡ್ಡದಾಗಿ ಕಾಣುವುದು ಚೈನ್ ಪುಲ್ಲಿಯಿಂದ ಎಂಜಿನ್ ಎತ್ತಿ ಇಳಿಸುವುದು. ಅದು ಅರ್ಧ ಹೊತ್ತಿನ ಕೆಲಸ. "ಎಂಜಿನ್ ಕೂಡ್ರಸೂದು ದೊಡ್ಡ ಮಾತಲ್ರೀ, ಅದನ್ನ ಗೇರ್‌ಬಾಕ್ಸಿಗೆ ಕೂಡಸೂದು ಐತೆಲ್ಲ, ಅದು ಮಾತು" ಎಂಬುದು ಈ ಕಸುಬಿನವರು ಯಾವ ಊರಿನಲ್ಲಿ ಕೇಳಿದರೂ ಹೇಳುವ ಮಾತು. ಒಂದು ಕಂಪನಿಯ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್. ಬೋಲ್ಟಿನ ತೂತುಗಳು ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ಪ್ಲೇಟು ಕಡೆಸಬೇಕು: ಒಂದು ಬದಿ ಎಂಜಿನ್ನಿನ ತೂತುಗಳು, ಇನ್ನೊಂದು ಬದಿ ಬೆಲ್ ಹೌಸಿಂಗ್ ತೂತುಗಳು. ಪ್ಲೇಟು ಎಷ್ಟು ದಪ್ಪವೋ ಅಷ್ಟು ದೂರ ಗೇರ್‌ಬಾಕ್ಸಿನ ಶಾಫ್ಟು ಹಿಂದೆ ಸರಿಯುತ್ತದೆ. ಅದರ ತುದಿ ಕ್ರ್ಯಾಂಕಿನ ಹಿಂಬದಿಯ ಪುಟ್ಟ ಬುಷ್‌ನೊಳಗೆ ಕೂತೇ ತಿರುಗಬೇಕು. ಮುಟ್ಟದಿದ್ದರೆ ಉದ್ದನೆಯ ಹೊಸ ಬುಷ್ ಟರ್ನ್ ಮಾಡಿಸಬೇಕು. ಕೊನೆಗೆ ಫ್ಲೈವ್ಹೀಲಿಗೆ ಡಯಲ್ ಗೇಜ್ ಕಚ್ಚಿಸಿ, ಕೈಯಿಂದ ಕ್ರ್ಯಾಂಕ್ ತಿರುಗಿಸುತ್ತಾ ಹೌಸಿಂಗಿನ ದುಂಡನ್ನು ಅಳೆಯಬೇಕು. ಒಂದು ಸುತ್ತಿಗೆ ಮುಳ್ಳು ಕಾಲು ಮಿಲಿಮೀಟರಿಗಿಂತ ಹೆಚ್ಚು ಆಡಿದರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ಗಾಡಿ ಹೋಗುವುದೇನೋ ಹೋಗುತ್ತದೆ. ಆದರೆ ಕ್ಲಚ್ ನಡುಗುತ್ತದೆ, ಓಡುತ್ತಿರುವಾಗಲೇ ಗೇರು ಹಾರುತ್ತದೆ, ಆರು ತಿಂಗಳಲ್ಲಿ ಬುಷ್ ಪುಡಿಯಾಗಿರುತ್ತದೆ. ಬೈಸಿಕೊಳ್ಳುವುದು ಮಾತ್ರ ಹೊಸ ಎಂಜಿನ್.

ಆಮೇಲಿನವು ಒಂದರ ಬಾಲ ಹಿಡಿದು ಇನ್ನೊಂದು. ಜೀಪಿನಲ್ಲಿ ಮುಂದಿನ ಆಕ್ಸಲ್ ಹೌಸಿಂಗ್ ಎಂಜಿನ್ನಿನ ಕೆಳಗೇ ಕುಣಿಯುತ್ತದೆ. ಟ್ರ್ಯಾಕ್ಟರ್ ಎಂಜಿನ್ನಿನ ಆಳವಾದ ಆಯಿಲ್ ಚೇಂಬರ್ ಅದಕ್ಕೆ ಬಡಿಯುತ್ತದೆ. ಚೇಂಬರ್ ಕತ್ತರಿಸಿ ಬೆಸೆದರೆ ಆಯಿಲ್ ಪಂಪಿನ ಜಾಳಿಗೆ ಸರಿಸಬೇಕು. ಡೀಸೆಲ್ಲಿನ ನಡುಕಕ್ಕೆ ಹಳೆಯ ರಬ್ಬರ್ ಫೌಂಡೇಶನ್ ತಡೆಯುವುದಿಲ್ಲ. ಇವೆಲ್ಲಕ್ಕಿಂತ ಜನ ಮರೆಯುವುದು ಸುತ್ತಿನ ಲೆಕ್ಕವನ್ನು. ವಿಲ್ಲಿಸ್‌ನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತದೆ. ಆ ಜೀಪಿನ ಆಕ್ಸಲ್ ಹೌಸಿಂಗಿನ ಹಲ್ಲು ಸುಮಾರು 5.38ಕ್ಕೆ ಒಂದರಂತೆ. ಹದಿನಾರು ಇಂಚಿನ ಮಾಮೂಲಿ ಜೀಪಿನ ಟೈರು ಹಾಕಿ ಟಾಪ್ ಗೇರಿನಲ್ಲಿ ಲೆಕ್ಕ ಹಾಕಿದರೆ ಗಂಟೆಗೆ ನೂರು ಕಿಲೊಮೀಟರಿನ ಹತ್ತಿರ ಬರುತ್ತದೆ. ಅದೇ ಹೌಸಿಂಗಿಗೆ 2,300 ಸುತ್ತಿಗೇ ಗವರ್ನರ್ ಕಟ್ಟುವ ಎಂಜಿನ್ ಜೋಡಿಸಿದರೆ ಅರವತ್ತರೊಳಗೇ ಕೂಗಾಟ ಶುರು. ಗಾಡಿ ಮಾಲೀಕ ಆಗ "ಎಂಜಿನ್ ಎಳಿವಲ್ದು" ಎನ್ನುತ್ತಾನೆ. ಎಂಜಿನ್ ಎಳೆಯುತ್ತಲೇ ಇದೆ. ತಪ್ಪಿದ್ದು ಹಲ್ಲಿನ ಲೆಕ್ಕ.

ಈ ಜೀಪಿಗೆ ನೀರಲ್ಲಿ ಈಜುವ ಅಣ್ಣನೊಬ್ಬನಿದ್ದ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942–43ರಲ್ಲಿ, ಫೋರ್ಡ್ ಕಂಪನಿ ಜೀಪಿನ ಎಂಜಿನ್, ಗೇರ್‌ಬಾಕ್ಸ್‌ಗಳನ್ನೇ ದೋಣಿಯಾಕಾರದ ಕಬ್ಬಿಣದ ಮೈಯೊಳಗೆ ಕೂಡಿಸಿ ಜಿಪಿಎ ಎಂಬ ಗಾಡಿ ಮಾಡಿತು. ದೋಣಿ-ಹಡಗುಗಳ ನಕ್ಷೆಗಾರರಾದ ಸ್ಪಾರ್ಕ್‌ಮನ್ ಅಂಡ್ ಸ್ಟೀಫನ್ಸ್ ಅದರ ಮೈಯ ನಕ್ಷೆ ತೆಗೆದರು. ಹನ್ನೆರಡು ಸಾವಿರಕ್ಕೂ ಮಿಗಿಲು ತಯಾರಾದವು, ಆದರೆ ಸೈನಿಕರಿಗೆ ಹಿಡಿಸಲಿಲ್ಲ. ಅಂದುಕೊಂಡದ್ದಕ್ಕಿಂತ ಭಾರ ಹೆಚ್ಚಾಗಿ ನೀರಲ್ಲಿ ಮೈ ತೀರಾ ಕೆಳಗಿಳಿದು ಕೂಡುತ್ತಿತ್ತು. ಸಣ್ಣ ತೆರೆ ಬಂದರೂ ನೀರು ಒಳಗೆ. ನೆಲದ ಮೇಲೆ ನೋಡಿದರೆ ಮಾಮೂಲಿ ಜೀಪಿನ ಚುರುಕು ಇಲ್ಲ.

ಹಾಗೆ ತಿರಸ್ಕೃತವಾದ ಗಾಡಿಗೆ ಹೆಸರು ತಂದ ಕಥೆ ಹುಟ್ಟಿದ್ದು ಭಾರತದಲ್ಲಿ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಂಗಾಳದ ಕಲೈಕುಂಡ ವಿಮಾನನೆಲೆಯಲ್ಲಿ ಬಿದ್ದಿದ್ದ ಒಂದು ಜಿಪಿಎಯನ್ನು ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯಾದ ಎಂಜಿನಿಯರ್ ನೋಡಿದ. ಇದರಲ್ಲಿ ಕೂತು ಭೂಮಿ ಸುತ್ತಬಹುದು ಎಂದು ಅವನಿಗೆ ಅನ್ನಿಸಿತು. ಜೊತೆಗಿದ್ದವರಿಗೆ ಹಾಗೆ ಅನ್ನಿಸದಿದ್ದರೆ ತಪ್ಪೇನಿಲ್ಲ. ಅಮೆರಿಕದಲ್ಲಿ ಅಂಥದೊಂದು ಗಾಡಿ ಕೊಂಡು, ಮೈ ಹಿಗ್ಗಿಸಿ, ಇಂಧನದ ಟ್ಯಾಂಕುಗಳನ್ನು ಕಟ್ಟಿ, 'ಹಾಫ್-ಸೇಫ್' ಎಂದು ಹೆಸರಿಟ್ಟು 1950ರಲ್ಲಿ ಹೆಂಡತಿಯೊಂದಿಗೆ ಹೊರಟು ಅಟ್ಲಾಂಟಿಕ್ ದಾಟಿದ. ನಡುವೆ ಭಾರತವನ್ನೂ ಹಾದು 1958ರಲ್ಲಿ ಸುತ್ತು ಮುಗಿಸಿದ. ಉಭಯಚರ ಗಾಡಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಇನ್ನೊಬ್ಬನಿಲ್ಲ. ಆ ಗಾಡಿ ಈಗ ಪರ್ತ್‌ನ ಗಿಲ್ಡ್‌ಫರ್ಡ್ ಗ್ರಾಮರ್ ಶಾಲೆಯಲ್ಲಿದೆ. ಅದರ ಎಂಜಿನ್ ನಮ್ಮ ಹಳೆಯ ಮಿಸ್ತ್ರಿಗಳಿಗೆ ತೀರಾ ಪರಿಚಿತವಾದ ಅದೇ ನಾಲ್ಕು ಸಿಲಿಂಡರಿನ ಜೀಪ್ ಎಂಜಿನ್.

ಮತ್ತೆ ಆರು ಚಕ್ರದ ತೊಟ್ಟಿಗೆ ಬರೋಣ. ಹೊಸ ಎಂಜಿನ್ ಯಾವುದು? ನಮ್ಮ ಸೀಮೆಯಲ್ಲಿ ಎಂಜಿನ್ ಎಂದರೆ ಮೊದಲು ಬಾಯಿಗೆ ಬರುವುದು ಕಿರ್ಲೋಸ್ಕರ್. ಇದೇ ಎರಿ ಮಣ್ಣನ್ನು ಸೀಳಲು ಕಬ್ಬಿಣದ ನೇಗಿಲು ಮಾಡಿ ಬೆಳಗಾವಿ ಕಡೆಯಿಂದ ಮೇಲೆ ಬಂದ ಮನೆತನ ಅದು. ಬಾವಿಯ ಮೇಲೆ, ಹಳ್ಳದ ದಂಡೆಯ ಮೇಲೆ ದಡದಡ ಎನ್ನುತ್ತಿದ್ದ ಅವರ ಎವಿ-1 ಎಂಜಿನ್ ಐದು ಹಾರ್ಸ್‌ಪವರಿನದು, ನಿಮಿಷಕ್ಕೆ 1,500 ಸುತ್ತು. ಬಾಳಿಕೆಯಲ್ಲಿ ಅದಕ್ಕೆ ಸಾಟಿಯಿಲ್ಲ. ತೂಕದಲ್ಲೂ ಇಲ್ಲ; ನೂರು ಕಿಲೊ ಮೀರುತ್ತದೆ. ನೀರಿನ ಕಾಲು ಭಾಗ ಶುರುವಾಗುವುದೇ ಇಲ್ಲಿಂದ.

ಲೆಕ್ಕ ಸರಳ. ಗಾಡಿ ನೀರಿನ ಮೇಲೆ ಮೂರು ಚದರ ಮೀಟರು ಜಾಗ ಹಿಡಿದು ಕೂತಿದೆ ಎಂದರೆ ಪ್ರತಿ ಮೂವತ್ತು ಕಿಲೊಗೆ ಅದು ಒಂದು ಸೆಂಟಿಮೀಟರು ಕೆಳಗಿಳಿಯುತ್ತದೆ. ಹಳೆಯದಕ್ಕಿಂತ ತೊಂಬತ್ತು ಕಿಲೊ ಹೆಚ್ಚಿನ ಎಂಜಿನ್ ಇಟ್ಟರೆ ಮೂರು ಸೆಂಟಿಮೀಟರು. ಅಷ್ಟೇ ತಾನೆ ಎನ್ನಬಹುದು. ಆದರೆ ಆ ಭಾರ ನಡುವೆ ಇರುವುದಿಲ್ಲ, ಒಂದು ತುದಿಗೆ ಇರುತ್ತದೆ. ಆ ತುದಿ ಆರೇಳು ಸೆಂಟಿಮೀಟರು ತಗ್ಗಿ, ಇನ್ನೊಂದು ತುದಿ ಎದ್ದು, ದಡ ಹತ್ತುವಾಗ ನೀರು ತಾನಾಗಿ ಒಳಗೆ ಬರುತ್ತದೆ. ಭಾರ ಎತ್ತರದಲ್ಲಿದ್ದರೆ ಇನ್ನೂ ಕೆಟ್ಟದ್ದು, ಗಾಡಿ ಮಗುಚುತ್ತದೆ. ನೆಲದ ಮೇಲೆ 'ಇರಲಿ ಬಿಡ್ರಿ, ಗಟ್ಟಿ ಇರತೈತಿ' ಎಂದು ಹಾಕಿದ ಒಂದೊಂದು ಕಬ್ಬಿಣದ ಪಟ್ಟಿಯೂ ನೀರಲ್ಲಿ ಲೆಕ್ಕ ಕೇಳುತ್ತದೆ. ಜಿಪಿಎ ಸೋತದ್ದೂ ಇದೇ ಕಾರಣಕ್ಕೆ.

ಆದ್ದರಿಂದ ಅಮೆರಿಕ, ಕೆನಡಾಗಳಲ್ಲಿ ಈ ಹಳೆಯ ಗಾಡಿಗಳಿಗೆ ಹಾಕುವುದು ಹಗುರವಾದ ಎರಡು ಸಿಲಿಂಡರಿನ ಫೋರ್-ಸ್ಟ್ರೋಕ್ ಪೆಟ್ರೋಲ್ ಎಂಜಿನ್ನು. ಹುಲ್ಲು ಕತ್ತರಿಸುವ ಯಂತ್ರ, ಜನರೇಟರುಗಳಲ್ಲಿ ಬರುವ ಹೋಂಡಾ, ಬ್ರಿಗ್ಸ್ ಜಾತಿಯವು. ಇಲ್ಲೊಂದು ತೊಡಕಿದೆ. ಟೂ-ಸ್ಟ್ರೋಕ್ ಎಂಜಿನ್ನು, ಜಾವಾ ಲೂನಾ ಓಡಿಸಿದವರಿಗೆ ಗೊತ್ತು, ಕಿರುಚುತ್ತಾ ಐದಾರು ಸಾವಿರ ಸುತ್ತಿಗೆ ಹೋಗಿ ಅಲ್ಲಿ ಶಕ್ತಿ ಕೊಡುತ್ತದೆ. ಹೊಸದು 3,600ಕ್ಕೆ ನಿಲ್ಲುತ್ತದೆ. ನಡುವೆ ಇರುವುದು ಸ್ಕೂಟಿಯಲ್ಲಿ ಇರುವಂಥ ಬೆಲ್ಟಿನ ಗೇರು: ಸುತ್ತು ಹೆಚ್ಚಿದಂತೆ ಪುಲ್ಲಿಯೊಳಗಿನ ತೂಕಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲೇರಿಸುತ್ತವೆ. ಆ ತೂಕ, ಆ ಸ್ಪ್ರಿಂಗು ಹಳೆಯ ಎಂಜಿನ್ನಿನ ಸುತ್ತಿಗೆ ಹೊಂದಿಸಿದವು. ಅವನ್ನೇ ಬಿಟ್ಟರೆ ಬೆಲ್ಟು ಅರ್ಧಕ್ಕೇ ನಿಲ್ಲುತ್ತದೆ, ಜಾರುತ್ತದೆ, ಸುಟ್ಟ ವಾಸನೆ. ಕಡಿಮೆ ಸುತ್ತಿಗೆ ಹಿಡಿಯುವ ಕ್ಲಚ್ಚೇ ಬೇಕು, ಎರಡು ಪುಲ್ಲಿಗಳ ನಡುವಿನ ಅಂತರ ಬೆಲ್ಟಿನ ಅಳತೆಗೇ ಇರಬೇಕು. ಇನ್ನು ತಿರುಗುವ ದಿಕ್ಕು. ಹಳೆಯದು ತಿರುಗುತ್ತಿದ್ದ ಕಡೆಗೆ ಹೊಸದು ತಿರುಗದಿದ್ದರೆ ಮುಂದಿನ ಗೇರು ಹಾಕಿದಾಗ ಗಾಡಿ ಹಿಂದೆ ಹೊರಡುತ್ತದೆ. ಎಂಜಿನ್ನನ್ನೇ ತಿರುವಿ ಇಡಲು ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಪೆಟ್ರೋಲ್ ಪಂಪಿನ ಸಂಗತಿಯೂ ಉಂಟು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದಲೇ ಪಂಪು ಬಡಿಯುತ್ತಿರುತ್ತದೆ. ಹೊಸ ಎಂಜಿನ್ನಿಗೆ ಅದರದೇ ಪಂಪು ಬೇಕು. ಫೋರ್-ಸ್ಟ್ರೋಕ್‌ನ ಆಯಿಲ್ ತಳದಲ್ಲಿ ನಿಂತಿರುವುದರಿಂದ ಹಳ್ಳದ ಕಡಿದಾದ ದಂಡೆ ಹತ್ತುವಾಗ ಎಂಜಿನ್ ವಾಲಿ, ಬೇರಿಂಗುಗಳಿಗೆ ಆಯಿಲ್ ತಪ್ಪಬಹುದು. ಎಷ್ಟು ವಾಲಬಹುದು ಎಂಬ ಮಿತಿಯನ್ನು ತಯಾರಕರು ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ.

ಗಾಳಿಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಜೀಪಿನ ಬಾನೆಟ್ಟಿನ ಕೆಳಗೆ ನೆಲ ತೆರೆದಿರುತ್ತದೆ. ಬಿಸಿಗಾಳಿ, ಸೋರಿದ ಪೆಟ್ರೋಲು ಎಲ್ಲವೂ ಕೆಳಗೆ ಹೋಗುತ್ತವೆ. ಉಭಯಚರ ಗಾಡಿಯ ತಳ ಮುಚ್ಚಿದ ತೊಟ್ಟಿ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ತಣ್ಣನೆಯ ಗಾಳಿ ಮೇಲಿನಿಂದಲೇ ಬರಬೇಕು, ಬಿಸಿಗಾಳಿ ಮೇಲಿನಿಂದಲೇ ಹೋಗಬೇಕು, ಎರಡೂ ಬೆರೆಯಬಾರದು. ಧಾರವಾಡ ಜಿಲ್ಲೆಯ ಏಪ್ರಿಲ್ ಬಿಸಿಲಲ್ಲಿ ಇದನ್ನು ತಪ್ಪಿಸಿದರೆ ಹೆಡ್ಡು ಹಾರುವುದು ಖಂಡಿತ. ಸೈಲೆನ್ಸರು ಪ್ಲಾಸ್ಟಿಕ್ ಮೈಗೆ ತಾಗದಂತೆ ಮೇಲೆದ್ದು ಹೊರಹೋಗಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಪೈಪು ಚೂರು ಸೋರಿದರೂ ಅದು ತೊಟ್ಟಿಯ ತಳದಲ್ಲಿ ಕೂತು ಸೆಲ್ಫಿನ ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಮೋಟಾರು ದೋಣಿಯವರು ಚಾಲೂ ಮಾಡುವ ಮೊದಲು ಬ್ಲೋವರ್ ಹಾಕಿ ಒಳಗಿನ ಗಾಳಿ ಹೊರಗೆ ಹಾಕುವುದು ಇದಕ್ಕೇ. ಜೀಪು ಮಾಡಿ ಮಾಡಿ ಕೈ ಪಳಗಿದ ಮಿಸ್ತ್ರಿಗೆ ಈ ರೂಢಿ ಇರುವುದಿಲ್ಲ. ಅದು ಅವನ ಅಜ್ಞಾನವಲ್ಲ, ಅವನ ಗಾಡಿಗಳು ಎಂದೂ ಈಜಿರಲಿಲ್ಲ.

ಇಂಥ ಎಂಜಿನ್ ಬದಲಿಗೆ ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪುಸ್ತಕದಲ್ಲಿರುವ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಹಳೆಯ ಗಾಡಿಗಳ ಪ್ರೇಮಿಗಳಿಗೆ ಇನ್ನೊಂದು ಸಂಕಟ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಆದರೆ ಷಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ ಎಂಜಿನ್ ಸತ್ತು ನಿಂತ ಜೀಪು ವಿಂಟೇಜ್, ಬೇರೆ ಎಂಜಿನ್ನಿನಿಂದ ಓಡಾಡುವ ಜೀಪು ಅಲ್ಲ. ನಿಯಮ ಮಾಡಿದವರ ಉದ್ದೇಶ ಅರ್ಥವಾಗುತ್ತದೆ, ಆದರೂ ನಗು ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹಳೆಯ ಗಾಡಿಗೆ ಜೀವ ತುಂಬುವುದು ಹವ್ಯಾಸ. ಬೆಣ್ಣಿಹಳ್ಳಕ್ಕೆ ಬೇಕಾದದ್ದು ಹವ್ಯಾಸವಲ್ಲ, ನೆರೆಯಲ್ಲಿ ಜನರನ್ನು ದಾಟಿಸುವ ಗಾಡಿ. 2025ರ ಪಂಜಾಬ್ ಪ್ರವಾಹದಲ್ಲಿ ಸೈನ್ಯ ಅಮೃತಸರದ ಕಡೆ ಎಟಾರ್ ಎನ್1200 ಎಂಬ ಗಾಡಿಗಳನ್ನು ಇಳಿಸಿತು. ಆಳೆತ್ತರದ ನಾಲ್ಕು ಟೈರು, ಸಣ್ಣ ಡೀಸೆಲ್ ಎಂಜಿನ್, ಹೊಲ ರಸ್ತೆ ನೀರು ಯಾವುದೂ ಅಡ್ಡಿಯಿಲ್ಲ. ಮುಳುಗಿದ ಊರುಗಳಿಂದ ಜನರನ್ನು ಹೊತ್ತು ತಂದವು. ವಿದೇಶಿ ಮೂಲದ ವಿನ್ಯಾಸ, ತಯಾರಾಗುವುದು ಭಾರತದಲ್ಲೇ. ಅದರ ಬೆಲೆ ಮಾತ್ರ ತಾಲ್ಲೂಕು ಆಡಳಿತದ ಕೈಗೆಟುಕುವಂಥದಲ್ಲ.

ಅಗ್ಗದ್ದು ಬೇಕೆಂದರೆ ನಾವೇ ಕಟ್ಟಬೇಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ವರ್ಷವರ್ಷ ಬಾಜಾ ಸ್ಪರ್ಧೆಗೆಂದು ಗುಡ್ಡಗಾಡು ಬಗ್ಗಿಗಳನ್ನು ಕಟ್ಟುತ್ತಾರೆ. ಎಲ್ಲರಿಗೂ ಒಂದೇ ಅಳತೆಯ ಸಣ್ಣ ಎಂಜಿನ್, ಉಳಿದದ್ದೆಲ್ಲ ಅವರ ಕೈಚಳಕ. ಅಮೆರಿಕದಲ್ಲಿ ಇದೇ ಸ್ಪರ್ಧೆಯ ಪೂರ್ವ ವಿಭಾಗದಲ್ಲಿ ಒಂದು ಕಾಲಕ್ಕೆ ಗಾಡಿ ನೀರಲ್ಲೂ ತೇಲಿ ಸಾಗಲೇಬೇಕು ಎಂಬ ನಿಯಮವಿತ್ತು. ಹುಬ್ಬಳ್ಳಿ–ಧಾರವಾಡದ ಕಾಲೇಜುಗಳು ಆ ನಿಯಮವನ್ನು ಸ್ಪರ್ಧೆಯವರು ಕೇಳದಿದ್ದರೂ ತಾವೇ ಹಾಕಿಕೊಳ್ಳಲಿ. ಪರೀಕ್ಷೆಗೆ ಹಸಿ ಎರಿಯೂ ಹಳ್ಳವೂ ಕುಂದಗೋಳದಲ್ಲಿವೆ, ರೈಲಿನಲ್ಲಿ ಬಂದರೂ ಹೆಚ್ಚು ಹೊತ್ತಿಲ್ಲ. ಬರುವಾಗ ಲ್ಯಾಪ್‌ಟಾಪಿನ ಜೊತೆ ಒಬ್ಬ ಹಳೆಯ ಜೀಪ್ ಮಿಸ್ತ್ರಿಯನ್ನೂ ಕರೆದುಕೊಂಡು ಬನ್ನಿ, ಅವನಿಗೆ ದಿನಗೂಲಿ ಕೊಡುವುದನ್ನು ಮರೆಯಬೇಡಿ.